ಹೊಲದ ಮಣ್ಣಿನಲ್ಲಿ ಉಳಿಯುವ ಕಸದ ಬೀಜ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ರೈತರು ಭೇಟಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಬಹುದು.

## ಮೊದಲು ತಿಳಿಯಬೇಕಾದದ್ದು

ಎಷ್ಟ್ ಸಲ ಸದಿ ತೆಗೆಸಿದ್ರೂ ಮತ್ತ ಮತ್ತ ಕಸ ಬರ್ತದಲ್ರಿ, ಎಲ್ಲಿಂದ ಬರ್ತದ?

ಬಹುಪಾಲು ನಿಮ್ಮ ಹೊಲದ ಮಣ್ಣಿನಿಂದಲೇ. ಹಿಂದಿನ ವರ್ಷಗಳಲ್ಲಿ ಉದುರಿದ ಬೀಜ ಮೇಲಿನ ಒಂದು ಗೇಣು ಮಣ್ಣಿನಲ್ಲಿ ಸೇರಿಕೊಂಡಿರುತ್ತದೆ. ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ ಈ ವರ್ಷ ಹುಟ್ಟುತ್ತದೆ, ಉಳಿದದ್ದು ಸುಮ್ಮನೆ ಕುಳಿತಿರುತ್ತದೆ. ಸದೆ ತೆಗೆದಾಗ ಹೋಗುವುದು ಹುಟ್ಟಿದ ಪಾಲು. ಕೆಳಗಿನ ದಾಸ್ತಾನು ಕರಗುವುದು ಮೂರು ರೀತಿಯಲ್ಲಿ: ಬೀಜ ಮೊಳೆತು ಹೋಗಬೇಕು, ಕೊಳೆಯಬೇಕು, ಇಲ್ಲವೆ ಇರುವೆ, ಹುಳು, ಹಕ್ಕಿ ತಿನ್ನಬೇಕು. ಈ ಮೂರೂ ತಮ್ಮಷ್ಟಕ್ಕೆ ಪ್ರತಿ ವರ್ಷ ನಡೆಯುತ್ತವೆ. ಆದರೂ ಕಸ ಕಡಿಮೆಯಾಗದಿದ್ದರೆ, ಹೋದಷ್ಟು ಬೀಜ ಪ್ರತಿ ವರ್ಷ ಹೊಸದಾಗಿ ಬಂದು ಸೇರುತ್ತಿದೆ ಎಂದೇ ಲೆಕ್ಕ.

ಎಲ್ಲಾ ಬೀಜ ಒಮ್ಮಿಗೇ ಯಾಕ ಹುಟ್ಟಂಗಿಲ್ಲ? ತೊಗರಿ ಎಲ್ಲಾ ಒಂದೇ ವಾರದಾಗ ಹುಟ್ಟತದಲ್ಲ?

ತೊಗರಿ, ಜೋಳದಲ್ಲಿ ಒಟ್ಟಿಗೆ ಹುಟ್ಟುವ ಬೀಜವನ್ನೇ ಮನುಷ್ಯ ತಲೆತಲಾಂತರದಿಂದ ಆರಿಸಿ ಬಿತ್ತುತ್ತ ಬಂದ. ಕಸವನ್ನು ಯಾರೂ ಹಾಗೆ ಆರಿಸಿಲ್ಲ. ಒಮ್ಮೆಗೇ ಹುಟ್ಟಿ ಮಧ್ಯದಲ್ಲಿ ಮಳೆ ಕೈಕೊಟ್ಟರೆ ಕುಲವೇ ನಾಶ. ಆದ್ದರಿಂದ ಕಂತುಕಂತಾಗಿ ಹುಟ್ಟುವ ಗುಣವೇ ಕಸದಲ್ಲಿ ಉಳಿಯಿತು. ತಗಚೆಯಂಥ ಗಿಡದ ಬೀಜಕ್ಕೆ ನೀರು ಒಳಹೋಗದ ಗಟ್ಟಿ ಸಿಪ್ಪೆ ಇದೆ, ಅದು ಸವೆಯುವ ತನಕ ಮೊಳಕೆ ಇಲ್ಲ. ಸಣ್ಣ ಬೀಜದ ಹಲವು ಕಸಗಳಿಗೆ ಬೆಳಕು ಬೇಕು. ಆಳದಲ್ಲಿರುವ ಬೀಜ ಕುಂಟೆ ಹೊಡೆದಾಗ ಮೇಲೆ ಬಂದು ಕ್ಷಣಮಾತ್ರ ಬೆಳಕು ಕಂಡರೂ ಎಚ್ಚರಗೊಳ್ಳುತ್ತದೆ. ಎಡೆ ಹೊಡೆದ ವಾರದೊಳಗೆ ಹೊಲ ಮತ್ತೆ ಹಸಿರಾಗುವುದಕ್ಕೆ ಇದೇ ಕಾರಣ.

ಬೀಜ ಮಣ್ಣಾಗ ಎಷ್ಟ್ ವರ್ಷ ಜೀವ ಹಿಡಿದಿರ್ತದ?

ಕಸದ ಜಾತಿ ಮತ್ತು ಹೂತ ಆಳದ ಮೇಲೆ ನಿಂತಿದೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ 20 ಬಾಟಲಿಗಳಲ್ಲಿ ಬೀಜ ತುಂಬಿ ಹೂತಿಟ್ಟರು. 2021ರಲ್ಲಿ ಒಂದು ಬಾಟಲಿ ತೆಗೆದಾಗ, 142 ವರ್ಷದ ನಂತರವೂ ಒಂದು ಜಾತಿಯ ಬೀಜ ಮೊಳೆಯಿತು. ಅದು ಅಪರೂಪದ ಉದಾಹರಣೆ, ಅದನ್ನು ಕೇಳಿ ಧೈರ್ಯಗೆಡಬೇಕಿಲ್ಲ. ಹುಲ್ಲಿನ ಜಾತಿಯ ಹೆಚ್ಚಿನ ಕಸದ ಬೀಜ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಕಾಂಗ್ರೆಸ್ ಕಸದ ಬೀಜ ಮಣ್ಣಿನ ಮೇಲೆಯೇ ಇದ್ದರೆ ತಿಂಗಳುಗಳ ಲೆಕ್ಕ, 5 ಸೆಂ.ಮೀ. ಆಳದಲ್ಲಿ ಹೂತರೆ ವರ್ಷಗಳ ಲೆಕ್ಕ. ಗೋಣಿ ಸೊಪ್ಪಿನಂಥ ಸಣ್ಣ ಗಟ್ಟಿ ಬೀಜ ದಶಕಗಳ ಕಾಲ ಉಳಿಯಬಲ್ಲದು. ಒಟ್ಟಾರೆ ಆಳಕ್ಕೆ ಹೋದ ಬೀಜಕ್ಕೆ ಆಯುಷ್ಯ ಹೆಚ್ಚು, ಮೇಲಿರುವ ಬೀಜಕ್ಕೆ ಕಡಿಮೆ.

ಎರಿ ಹೊಲಕ್ಕೂ ಕೆಂಪು ಹೊಲಕ್ಕೂ ಇದರಾಗ ಫರಕ್ ಅದ ಏನ್ರಿ?

ಇದೆ. ಎರೆ ಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಮೇಲಿನ ಪುಡಿ ಮಣ್ಣಿನ ಜೊತೆ ಬೀಜವೂ ಬಿರುಕಿಗೆ ಬೀಳುತ್ತದೆ. ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ನೀವು ಉಳದಿದ್ದರೂ ಬೀಜ ಆಳಕ್ಕೆ ಇಳಿಯುವ ದಾರಿ ಇದು. ಜೊತೆಗೆ ಮಳೆ ಹಿಡಿದರೆ ವಾರಗಟ್ಟಲೆ ಎರೆ ಹೊಲದೊಳಗೆ ಕಾಲಿಡಲಾಗದು. ಅಷ್ಟರಲ್ಲಿ ಕಸ ಕೈಮೀರುತ್ತದೆ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಬೀಜ ಹೆಚ್ಚಾಗಿ ಮೇಲೇ ಉಳಿಯುತ್ತದೆ, ಮಳೆಯಾದ ಒಂದೆರಡು ದಿನಕ್ಕೇ ಕುಂಟೆ ಆಡಿಸಬಹುದು. ಆದ್ದರಿಂದ ಕೆಂಪು ಹೊಲದಲ್ಲಿ ಮೇಲ್ಮೈ ಉಪಾಯಗಳು ಬೇಗ ಫಲ ಕೊಡುತ್ತವೆ.

ತೊಗರಿ ಎತ್ತರ ಆದ ಮ್ಯಾಲ ಕೆಳಗಿನ ಕಸದಿಂದ ಏನೂ ಲುಕ್ಸಾನ ಇಲ್ಲಂತಾರ, ಖರೇನಾ?

ಈ ವರ್ಷದ ಇಳುವರಿಗೆ ಹೆಚ್ಚು ಲುಕ್ಸಾನಿಲ್ಲ, ಅದು ಖರೆ. ತೊಗರಿ ಮೊದಲ ಎರಡು ತಿಂಗಳು ನಿಧಾನ ಬೆಳೆಯುತ್ತದೆ, ಸಾಲಿನ ನಡುವೆ ಬಯಲು ಇರುತ್ತದೆ. ಆಗಿನ ಕಸವೇ ಇಳುವರಿ ತಿನ್ನುವುದು. ಆಗಸ್ಟ್ ಕೊನೆಯ ನಂತರ ಹುಟ್ಟಿದ ಕಸ ನೆರಳಿನಲ್ಲಿ ಸೊರಗಿರುತ್ತದೆ, ಕೂಲಿ ಕೊಟ್ಟು ತೆಗೆಸಲು ಯಾರಿಗೂ ಮನಸ್ಸಾಗದು.

ಆದರೆ ಮಣ್ಣಿಗೆ ಬೀಜ ತುಂಬುವುದು ಈ ಕಸವೇ. ಅಕ್ಟೋಬರ್, ನವೆಂಬರ್‌ನಲ್ಲಿ ತೊಗರಿಯ ಬುಡದಲ್ಲಿ ಅದು ಸದ್ದಿಲ್ಲದೆ ಹಣ್ಣಾಗಿ ಉದುರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಭಾಗದ ಕಸದ ಕಾಟ ಮುಗಿಯದಿರಲು ಮುಖ್ಯ ಕಾರಣ ಮುಂಗಾರಿನ ಮೊದಲ ಸದೆ ತಪ್ಪಿದ್ದಲ್ಲ, ಈ ಕೊನೆಯ ಸುತ್ತು ತಪ್ಪಿದ್ದು. ಇದಕ್ಕೆ ಇಡೀ ಹೊಲದ ಸದೆ ಬೇಕಿಲ್ಲ. ದೀಪಾವಳಿಗೆ ಮುಂಚೆ ಒಂದು ಸಲ ಸಾಲಿನಲ್ಲಿ ಓಡಾಡಿ, ಹೂ ಬಿಟ್ಟ ದೊಡ್ಡ ಗಿಡಗಳನ್ನಷ್ಟೇ ಕಿತ್ತು ಚೀಲದಲ್ಲಿ ತುಂಬಿ ಹೊರತಂದರೂ ಬೀಜದ ಬಹುಭಾಗ ತಪ್ಪುತ್ತದೆ. ಹೆಚ್ಚು ಬೀಜ ಬಿಡುವುದು ದೊಡ್ಡ ಗಿಡಗಳೇ.

ಕಿತ್ತದ್ದನ್ನು ಬದುವಿನ ಮೇಲೆ ಎಸೆಯಬೇಡಿ. ಗೋಣಿ ಸೊಪ್ಪಿನಂಥ ದಪ್ಪ ಎಲೆಯ ಗಿಡ ಕಿತ್ತ ಮೇಲೂ ದಿನಗಟ್ಟಲೆ ಹಸಿಯಾಗಿದ್ದು ಕಾಯಿ ಬಲಿಸುತ್ತದೆ, ಮಳೆ ಬಿದ್ದರೆ ಮತ್ತೆ ಬೇರೂರುತ್ತದೆ.

## ಉಳುಮೆ, ಬಿತ್ತನೆ, ಔಷಧಿ

ಬ್ಯಾಸಗಿಯಾಗ ಪಲ್ಟಿ ಹೊಡೆಸಬೇಕೋ ಬ್ಯಾಡೋ? ಒಬ್ರು ಹೂಂ ಅಂತಾರ, ಒಬ್ರು ಊಹೂಂ ಅಂತಾರ.

ಇಬ್ಬರೂ ಹೇಳುವುದರಲ್ಲಿ ಅರ್ಥವಿದೆ. ಪಲ್ಟಿ ನೇಗಿಲು ಮೇಲಿನ ಮಣ್ಣನ್ನು ಸುಮಾರು ಒಂದಡಿ ಕೆಳಗೆ ಮಗುಚುತ್ತದೆ. ಸಣ್ಣ ಬೀಜದ ಕಸ ಒಂದೆರಡು ಸೆಂ.ಮೀ.ಗಿಂತ ಆಳದಿಂದ ಮೇಲೆ ಬರಲಾರದು, ಹಾಗಾಗಿ ಆ ವರ್ಷ ಹೊಲ ಶುಭ್ರವಾಗಿ ಕಾಣುತ್ತದೆ. ಮರುವರ್ಷ ಮತ್ತೆ ಪಲ್ಟಿ ಹೊಡೆಸಿದಿರಿ ಅನ್ನಿ, ಕೆಳಗೆ ಜೀವ ಹಿಡಿದು ಕುಳಿತ ಬೀಜವೇ ಮೇಲೆ ಬರುತ್ತದೆ. ಪ್ರತಿ ವರ್ಷ ಮಗುಚಿದರೆ ಖರ್ಚೇ ಹೊರತು ಲಾಭವಿಲ್ಲ.

ಹೀಗೆ ಮಾಡಿ: ಕಸ ವಿಪರೀತ ಬೀಜ ಉದುರಿಸಿದ ವರ್ಷ ಒಂದು ಸಲ ಪಲ್ಟಿ, ಆಮೇಲೆ ಮೂರ್ನಾಲ್ಕು ವರ್ಷ ಕೇವಲ ಕುಂಟೆ, ಕಲ್ಟಿವೇಟರ್. ಪಲ್ಟಿ ಹೊಡೆಸುವ ವರ್ಷವೂ ರಾಶಿ ಮುಗಿದ ಮರುದಿನವೇ ಟ್ರ್ಯಾಕ್ಟರ್ ಇಳಿಸಬೇಡಿ. ಬೀಜ ಕೆಲವು ವಾರ ಮಣ್ಣಿನ ಮೇಲೇ ಇರಲಿ. ಇರುವೆ, ಜೀರುಂಡೆ, ಹಕ್ಕಿಗಳು ಒಂದು ಪಾಲು ತಿಂದು ಮುಗಿಸುತ್ತವೆ, ಬಿಸಿಲು ಒಂದು ಪಾಲನ್ನು ಕೆಡಿಸುತ್ತದೆ. ಕಾಯಿಕೊರಕದ ಕೋಶ ನಾಶಕ್ಕೆಂದು ಬೇಸಿಗೆ ಉಳುಮೆ ಮಾಡುವವರೂ ಮಾರ್ಚ್ ಕೊನೆ ತನಕ ಕಾಯಬಹುದು.

ಬಿತ್ತೂದಕ್ಕ ಮೊದಲೇ ಕಸ ಹುಟ್ಟಿಸಿ ಕೊಲ್ಲೂದು ಅಂದ್ರ ಹ್ಯಾಂಗ?

ನೆಲವನ್ನು ಬಿತ್ತನೆಗೆ ಪೂರ್ತಿ ಹದ ಮಾಡಿಟ್ಟು, ಮಳೆಗೆ ಕಸ ಹುಟ್ಟಲು ಬಿಟ್ಟು, ಮೇಲ್ಮೈ ಮಾತ್ರ ಕೆರೆದು ಕೊಂದು, ಆಮೇಲೆ ಬಿತ್ತುವುದು. ಕ್ರಮ ಹೀಗೆ:

1. ಮೇ ಮಧ್ಯದೊಳಗೆ ಹೆಂಟೆ ಒಡೆದು ಹೊಲ ಸಮ ಮಾಡಿ. ದೊಡ್ಡ ಹೆಂಟೆ ಇದ್ದರೆ ಒಳಗಿನ ಬೀಜ ಹುಟ್ಟದು.
2. ರೋಹಿಣಿ ಮಳೆ, ಇಲ್ಲವೆ ಮಿರಗದ ಮೊದಲ ಹದ ಮಳೆ ಬೀಳಲಿ. 8ರಿಂದ 10 ದಿನ ಕಾಯಿರಿ.
3. ಕಸ ಎರಡೆಲೆಯಲ್ಲಿದ್ದಾಗ, ಬಿಸಿಲು ಬಿದ್ದ ಬೆಳಗ್ಗೆ, ಕುಂಟೆಯನ್ನು 3 ಸೆಂ.ಮೀ.ಗಿಂತ ಆಳಕ್ಕೆ ಬಿಡದೆ ಹೊಡೆಯಿರಿ.
4. ಅವಕಾಶವಿದ್ದರೆ ಮುಂದಿನ ಮಳೆಗೆ ಇನ್ನೊಮ್ಮೆ. ನಂತರ ಬಿತ್ತನೆ, ಕೂರಿಗೆಯಿಂದ ಮಣ್ಣು ಆದಷ್ಟು ಕಡಿಮೆ ಕದಡುವಂತೆ.

ಕೆಡುವುದು ಸಾಮಾನ್ಯವಾಗಿ ಮೂರನೆಯ ಹಂತದಲ್ಲಿ. ಟ್ರ್ಯಾಕ್ಟರಿನವನು ಅಭ್ಯಾಸಬಲದಿಂದ ಕಲ್ಟಿವೇಟರನ್ನು ಅರ್ಧ ಅಡಿ ಇಳಿಸುತ್ತಾನೆ, ಹೊಸ ಬೀಜ ಮೇಲೆ ಬರುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಇನ್ನೊಂದು ಅಪಾಯ ಬಿತ್ತನೆ ತಡವಾಗುವುದು. ತೊಗರಿಯಲ್ಲಿ ಹತ್ತು ದಿನ ಕಾದರೆ ನಡೆದೀತು. ಹೆಸರು, ಉದ್ದಿಗೆ ಅಷ್ಟು ಕಾಯಬೇಡಿ, ತಡವಾದರೆ ಕಾಯಿ ಬಿಡಿಸುವ ಹೊತ್ತಿಗೆ ಜಡಿಮಳೆಗೆ ಸಿಗುತ್ತವೆ.

ನಮ್ದು ಹಿಂಗಾರಿ ಜೋಳದ ಹೊಲ. ಮಳಿಗಾಲದಾಗ ಸುಮ್ನ ಖಾಲಿ ಬಿಡೂದಕ್ಕ ಅರ್ಥ ಅದ ಏನು?

ಹರಗಿದರೆ, ಅಂದರೆ ಕುಂಟೆ ಆಡಿಸುತ್ತಿದ್ದರೆ, ಅರ್ಥವಿದೆ, ಬರೀ ಬಿಟ್ಟರೆ ಕೇಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ರತಿ ದೊಡ್ಡ ಮಳೆಯ ನಂತರ ಹರಗುವ ಹಿರಿಯರ ಪದ್ಧತಿ ತೇವ ಹಿಡಿಯಲು ಮಾತ್ರವಲ್ಲ. ಒಂದೇ ಹಂಗಾಮಿನಲ್ಲಿ ನಾಲ್ಕೈದು ಸಲ ಕಸ ಹುಟ್ಟಿಸಿ ಕೊಲ್ಲುವ ಉಪಾಯವೂ ಹೌದು. ಒಂದು ಹರಗುವಿಕೆ ತಪ್ಪಿ ಆಗಸ್ಟ್‌ನಲ್ಲಿ ಕಸ ಬೀಜ ಕಟ್ಟಿದರೆ ಲೆಕ್ಕ ತಲೆಕೆಳಗು. ಹರಗಲು ಆಗದವರು ಎಕರೆಗೆ 20 ಕೆ.ಜಿ. ಸೆಣಬು ಬಿತ್ತಿ, ಸುಮಾರು 45 ದಿನಕ್ಕೆ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಲಿ. ದಟ್ಟ ನೆರಳಿನಲ್ಲಿ ಕಸ ಏಳದು. ಉತ್ತರಿ, ಹಸ್ತದ ಬಿತ್ತನೆಗೆ ಹೊಲ ಖಾಲಿಯೂ ಸಿಗುತ್ತದೆ.

ಬಿತ್ತಿದ ಮರುದಿನ ಹೊಡೆಯುವ ಕಳೆನಾಶಕ ಮಣ್ಣಿನಲ್ಲಿರುವ ಬೀಜವನ್ನೇ ಕೊಲ್ಲುತ್ತದೆಯೆ?

ಇಲ್ಲ. ಮಲಗಿರುವ ಬೀಜಕ್ಕೆ ಅದು ತಾಗುವುದೇ ಇಲ್ಲ. ಇಂಥ ಕಳೆನಾಶಕವಾದ ಪೆಂಡಿಮೆಥಾಲಿನ್ ಮಣ್ಣಿನ ಮೇಲ್ಪದರದಲ್ಲಿ ಒಂದು ತೆಳು ಪೊರೆಯಂತೆ ನಿಂತು, ಆ ಪದರ ದಾಟಿ ಬರುವ ಎಳೆ ಮೊಳಕೆಯ ಬೆಳವಣಿಗೆ ತಡೆದು ಕೊಲ್ಲುತ್ತದೆ. ಡಬ್ಬಿಯ ಮೇಲೆ 38.7 ಸಿ.ಎಸ್. (ಶೇ. 38.7 ಔಷಧಿಯಿರುವ ದ್ರವರೂಪ) ಎಂದಿದ್ದರೆ ಎಕರೆಗೆ 700 ಮಿ.ಲೀ., 200 ಲೀಟರಿಗೆ ಕಡಿಮೆ ಇಲ್ಲದ ನೀರು, ಬಿತ್ತಿದ ಎರಡು ದಿನದೊಳಗೆ, ಮಣ್ಣು ಹಸಿ ಇದ್ದಾಗ. ಹೊಡೆಯುವವರು ಹಿಂದಕ್ಕೆ ನಡೆಯಬೇಕು, ಮುಂದಕ್ಕೆ ನಡೆದರೆ ಪದರ ತುಳಿತಕ್ಕೆ ಒಡೆಯುತ್ತದೆ. ಚಪ್ಪಟೆಯಾಗಿ ಹರಡುವ ನಾಜಲ್ ಬೇಕು. ಕೀಟನಾಶಕಕ್ಕೆ ಬಳಸುವ ಗುಂಡು ನಾಜಲ್ ಪಟ್ಟೆ ಪಟ್ಟೆಯಾಗಿ ಬಿಡುತ್ತದೆ. ಒಣ ಎರೆ ಮಣ್ಣಿಗೆ ಹೊಡೆದು ಮಳೆಗಾಗಿ ಕಾಯುತ್ತ ಕುಳಿತರೆ ದುಡ್ಡು ಹೋದಂತೆಯೇ. ಪರಿಣಾಮ ಸುಮಾರು ಒಂದು ತಿಂಗಳು. ಆಮೇಲೆ ಎಡೆ ಹೊಡೆಯಲೇಬೇಕು.

ಎರಡು ಎಚ್ಚರಿಕೆ. ಜೋಳಕ್ಕೆ ಬಳಸುವ ಅಟ್ರಜಿನ್ ತೊಗರಿಯನ್ನು ಕೊಲ್ಲುತ್ತದೆ, ಜೋಳ–ತೊಗರಿ ಅಕ್ಕಡಿಯಲ್ಲಿ ಅದು ಬೇಡ. ಸೋಯಾದಲ್ಲಿ ಹೊಡೆಯುವ ಇಮಾಜೆಥಾಪಿರ್ ಮಣ್ಣಿನಲ್ಲಿ ಉಳಿದು ಹಿಂಬೆಳೆಯ ಜೋಳಕ್ಕೆ ಪೆಟ್ಟು ಕೊಡಬಹುದು. ಬೀದರ್ ಕಡೆ ಸೋಯಾ ನಂತರ ಕಡಲೆ ಬಿತ್ತುವವರಿಗೆ ಈ ಚಿಂತೆ ಕಡಿಮೆ.

ಮೊಬೈಲ್‌ನಾಗ ಉಪ್ಪಿನ ನೀರು ಹೊಡೀರಿ ಅಂತಾರ…

ಬೇಡ. ಎಲೆ ಸುಡುತ್ತದೆ, ಬೀಜಕ್ಕೆ ಏನೂ ಆಗದು, ಉಪ್ಪು ಮಾತ್ರ ಹೊಲದಲ್ಲೇ ಉಳಿಯುತ್ತದೆ. ನೀರು ಬಸಿಯದ ಎರೆ ಹೊಲದಲ್ಲಿ ಸವಳಿನ ತೊಂದರೆ ಮೊದಲೇ ಇದೆ.

## ಹೊರಗಿನಿಂದ ಬರುವ ಬೀಜ

ತಿಪ್ಪಿ ಗೊಬ್ಬರ ಹಾಕಿದ ಹೊಲದಾಗೇ ಕಸ ಜಾಸ್ತಿ. ಗೊಬ್ಬರ ಹಾಕೂದೇ ಬಿಡಬೇಕೇನು?

ಬಿಡಬೇಡಿ, ಬೇಯಿಸಿ ಹಾಕಿ. ದನ ತಿಂದ ಮೇವಿನ ಗಟ್ಟಿ ಬೀಜ ಸಗಣಿಯಲ್ಲಿ ಜೀವಂತವಾಗಿಯೇ ಹೊರಬರುತ್ತದೆ. ಕೊಟ್ಟಿಗೆಯ ಕಸಗುಡಿಸಿದ್ದು, ತಿನ್ನದೆ ಬಿಟ್ಟ ಮೇವು ಎಲ್ಲವೂ ತಿಪ್ಪೆಗೇ ಸೇರುತ್ತವೆ. ತಿಪ್ಪೆ ಬಿಸಿಯಾದರೆ ಇವು ಸಾಯುತ್ತವೆ: 55ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖ ಸತತವಾಗಿ ಕೆಲವು ದಿನ ನಿಲ್ಲಬೇಕು. ನಮ್ಮ ಕಡೆಯ ತಿಪ್ಪೆ ದಿನಕ್ಕೆ ಒಂದು ಬುಟ್ಟಿಯಂತೆ ವರ್ಷವಿಡೀ ಬೆಳೆಯುವುದರಿಂದ, ಒಣಗಿರುವುದರಿಂದ, ಆ ಶಾಖ ಏರುವುದೇ ಇಲ್ಲ.

ಫೆಬ್ರುವರಿಯಲ್ಲಿ ತಿಪ್ಪೆ ಬಗೆದು ಹೊಸದಾಗಿ ಒಟ್ಟಿ. 5 ಅಡಿ ಎತ್ತರ, 6 ಅಡಿ ಅಗಲ, ಉದ್ದ ಇದ್ದಷ್ಟು. ಹಳೆಯ ಒಣ ಗೊಬ್ಬರದ ಜೊತೆ ಹಸಿ ಸಗಣಿ ಅಥವಾ ಹಸಿರು ಸೊಪ್ಪು ಪದರ ಪದರವಾಗಿ ಬರಲಿ. ಪೂರ್ತಿ ಕಳಿತ ಗೊಬ್ಬರ ಒಂದೇ ಆದರೆ ಬಿಸಿ ಏಳದು. ನೀರು ಚಿಮುಕಿಸಿ: ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ಹನಿ ಧಾರೆಯಾಗಿ ಇಳಿಯಬಾರದು. ಮೂರ್ನಾಲ್ಕು ದಿನಕ್ಕೆ ಒಂದು ಕಬ್ಬಿಣದ ಸಲಾಕೆ ನಡುವಿಗೆ ತೂರಿ, ಹತ್ತು ನಿಮಿಷ ಬಿಟ್ಟು ತೆಗೆದು ಹಿಡಿಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಸರಿಯಾಗಿದೆ. ವಾರಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ಮಗುಚಿ, ಕನಿಷ್ಠ ಮೂರು ಸಲ. ಅಂಚಿನ ಬೀಜ ಉಳಿಯುವುದೇ ಮಗುಚದ ತಿಪ್ಪೆಯಲ್ಲಿ.

ಕುರಿ ನಿಲ್ಲಿಸಿದರೆ, ಕೆರೆ ಹೂಳು ಹೊಡೆಸಿದರೆ ಕಸ ಬರುತ್ತದೆಯೆ?

ಎರಡರಿಂದಲೂ ಬರುತ್ತದೆ, ಎರಡೂ ಬಿಡುವಂಥವಲ್ಲ. ಕುರಿ ಮಂದೆ ಹಿಂದಿನ ದಿನ ಬೀಜ ಕಟ್ಟಿದ ಬೀಳಿನಲ್ಲಿ ಮೇದಿದ್ದರೆ ಆ ಬೀಜ ನಿಮ್ಮ ಹೊಲಕ್ಕೆ ಬೀಳುತ್ತದೆ; ಎಲ್ಲಿ ಮೇದು ಬಂದವೆಂದು ಕುರಿಗಾರರನ್ನು ಕೇಳಿ. ಹೂಳಿನಲ್ಲಿ ದೊಡ್ಡ ಭಯ ಜೇಕು ಎಂಬ ಹುಲ್ಲಿನಂಥ ಕಸದ ಗಡ್ಡೆ. ಕೆರೆಯ ಅಂಚಿನ, ಹುಲ್ಲು ಬೆಳೆದ ಜಾಗದ ಹೂಳು ಬಿಟ್ಟು ನಡುವಿನ ಆಳದ್ದನ್ನು ತರಿಸಿ. ಭೀಮಾ ನದಿಯ ಪ್ರವಾಹ ಹರಿದ ಅಫಜಲಪುರ, ಜೇವರ್ಗಿ ಕಡೆಯ ಹೊಲಗಳಿಗೂ ಇದೇ ಮಾತು: ನೆರೆ ಇಳಿದ ನಂತರದ ಮೊದಲ ಹಂಗಾಮಿನಲ್ಲಿ ಮೊದಲು ಕಾಣದ ಗಿಡ ಕಂಡರೆ ಅಲ್ಲೇ ಕೀಳಿ.

ರಾಶಿ ಮಷಿನ್ ಬಾಡಿಗೆಗೆ ಬರ್ತದ. ಅದನ್ನ ನಾವು ಹ್ಯಾಂಗ ಸ್ವಚ್ಛ ಮಾಡೂದು?

ಹೊಲದೊಳಗೆ ಇಳಿಯುವ ಮೊದಲು, ಹಾದಿಯ ಬದಿಯಲ್ಲಿ ನಿಲ್ಲಿಸಿ ಐದಾರು ನಿಮಿಷ ಖಾಲಿ ಓಡಿಸಲು ಹೇಳಿ, ಗಾಳಿ ಪೂರ್ತಿ ಇಟ್ಟು. ಜರಡಿ ತೆಗೆದು ತಟ್ಟಿಸಿ. ಕಟಾವು ಯಂತ್ರವಾದರೆ ಮುಂದಿನ ಕತ್ತರಿ ಭಾಗ, ಕಾಳಿನ ಟ್ಯಾಂಕಿನ ಮೂಲೆ, ಗಾಲಿಗೆ ಅಂಟಿದ ಮಣ್ಣು ನೋಡಬೇಕು. ಬಾಡಿಗೆ ಗಂಟೆ ಲೆಕ್ಕದಲ್ಲಿರುವುದರಿಂದ ಚಾಲಕರು ಒಪ್ಪುವುದಿಲ್ಲ. ಆ ಹತ್ತು ನಿಮಿಷಕ್ಕೂ ದುಡ್ಡು ಕೊಡುವುದಾಗಿ ಮೊದಲೇ ಮಾತಾಡಿಕೊಂಡರೆ ಜಗಳವಿಲ್ಲ.

ಶಹಾಪುರ, ಸುರಪುರ ಕಡೆ ನಮ್ದು ಕಾಲುವೆ ನೀರಿನ ಭತ್ತ. ನೀರಿನಾಗೇ ಬೀಜ ಬರ್ತದಲ್ರಿ?

ಬರುತ್ತದೆ, ತೇಲಿಕೊಂಡು. ತೂಬಿನ ಬಾಯಿಗೆ ಸೊಳ್ಳೆ ಪರದೆಯಂಥ ಜಾಲಿ ಕಟ್ಟಿ ದಿನಕ್ಕೊಮ್ಮೆ ಒದರಿ. ಇನ್ನು ಗದ್ದೆಯೊಳಗಿನ ಬೀಜಕ್ಕೆ ನೀರೇ ಮದ್ದು. ನಾಟಿಯಾದ ಗದ್ದೆಯಲ್ಲಿ 5 ಸೆಂ.ಮೀ. ನೀರು ನಿಂತರೆ ಕಾಡು ಸಾವೆಯಂಥ ಹುಲ್ಲು ಬಹುತೇಕ ಹುಟ್ಟದು. ಆದರೆ ಗದ್ದೆ ಸಮತಟ್ಟಾಗಿರಬೇಕು; ದಿಬ್ಬ ಇದ್ದಲ್ಲೇ ಹುಲ್ಲು ಎದ್ದು ಇಡೀ ಗದ್ದೆಗೆ ಬೀಜ ಹಂಚುತ್ತದೆ.

## ಒಂದೊಂದು ಕಸಕ್ಕೆ ಒಂದೊಂದು ದಾರಿ

ಕಾಂಗ್ರೆಸ್ ಕಸ ಬದುವಿನ ಮೇಲಿದ್ದರೆ ಹೊಲಕ್ಕೇನು ತೊಂದರೆ?

ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಬಿಡಬಲ್ಲದು, ಮಳೆನೀರು ಅದನ್ನು ನೇರ ಹೊಲಕ್ಕೆ ಇಳಿಸುತ್ತದೆ. ತೇವ ಸಿಕ್ಕಾಗಲೆಲ್ಲ ಹುಟ್ಟಿ, ಹುಟ್ಟಿದ ಒಂದೂವರೆ ತಿಂಗಳೊಳಗೆ ಹೂ ಬಿಡುವುದರಿಂದ ವರ್ಷಕ್ಕೊಮ್ಮೆ ಕಿತ್ತರೆ ಸಾಲದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಹೂವಿಗೆ ಮುಂಚೆ, ನೆಲ ಹಸಿ ಇದ್ದಾಗ ಬೇರುಸಹಿತ ಕೀಳಿ. ಕೈಗವಸು, ಮೂಗಿಗೆ ಬಟ್ಟೆ ಬೇಕೇ ಬೇಕು, ಚರ್ಮದ ತುರಿಕೆ ಮತ್ತು ಉಬ್ಬಸ ಇದರಿಂದ ಬರುತ್ತವೆ. ಹೂವಿಗೆ ಮುಂಚಿನ ಗಿಡ ಗೊಬ್ಬರಕ್ಕೆ ಒಳ್ಳೆಯದು. 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಮೆಕ್ಸಿಕೋದ ಜೀರುಂಡೆ ಈಗ ಹಲವೆಡೆ ನೆಲೆಸಿದೆ. ಎಲೆಯನ್ನು ಬಲೆಯಂತೆ ತಿಂದಿರುವುದು ಕಂಡರೆ ಆ ಬದುವಿಗೆ ಔಷಧಿ ಹೊಡೆಯಬೇಡಿ. ಖಾಲಿಯಾದ ಬದುವಿಗೆ ತಗಚೆ ಬೀಜ ಎರಚುವುದು ಹಳೆಯ ಉಪಾಯ, ಫಲ ಕೊಡುತ್ತದೆ. ತಗಚೆ ಹೊಲಕ್ಕೆ ಇಳಿಯದಂತೆ ನೋಡಿಕೊಳ್ಳಿ.

ಜೇಕು?

ಈವರೆಗೆ ಹೇಳಿದ ಬೀಜದ ಲೆಕ್ಕ ಜೇಕಿಗೆ ಅನ್ವಯಿಸದು. ಅದು ಹಬ್ಬುವುದು ಗಡ್ಡೆಯಿಂದ. ರೋಟಾವೇಟರ್ ಗಡ್ಡೆಯ ಸರವನ್ನು ತುಂಡು ಮಾಡಿ ಹೊಲವೆಲ್ಲ ಹರಡುತ್ತದೆ, ಜೇಕಿರುವ ತಾಣಕ್ಕೆ ಅದನ್ನು ಒಯ್ಯಬೇಡಿ. ಏಪ್ರಿಲ್‌ನಲ್ಲಿ ನೇಗಿಲು ಹೊಡೆದು ಗಡ್ಡೆ ಮೇಲೆ ಬರುವಂತೆ ಮಾಡಿ, ಎರಡು ವಾರ ಬಿಸಿಲಿಗೆ ಬಿಟ್ಟು, ಮತ್ತೆ ಅಡ್ಡಡ್ಡ ಹೊಡೆಯಿರಿ. ಒಣಗಿದ ಗಡ್ಡೆ ಸಾಯುತ್ತದೆ. ಹೆಂಟೆಯೊಳಗೆ ಸಿಕ್ಕಿಕೊಂಡ ಗಡ್ಡೆ ಉಳಿಯುತ್ತದೆ, ಎರಡನೆಯ ಉಳುಮೆ ಅದಕ್ಕಾಗಿ. ಕಬ್ಬಿನ ರವದಿ ಮುಚ್ಚಿಗೆ ಬೇರೆ ಕಸವನ್ನು ಚೆನ್ನಾಗಿ ತಡೆದರೂ ಜೇಕು ಅದನ್ನು ಚುಚ್ಚಿಕೊಂಡು ಮೇಲೆ ಬರುತ್ತದೆ.

ಜೋಳದ ಬುಡದಾಗ ಸಣ್ಣ ಬಿಳಿ ಹೂವಿನ ಕಸ ಬಂದು ಜೋಳ ಬಾಡ್ತದ. ನೀರು ಹಾಯಿಸಿದ್ರೂ ಚೇತರಸವಲ್ದು.

ಅದು ಸ್ಟ್ರೈಗಾ, ಜೋಳದ ಬೇರಿಗೇ ಕಚ್ಚಿಕೊಂಡು ರಸ ಹೀರುವ ಪರಾವಲಂಬಿ. ಬೀಜ ಧೂಳಿನಷ್ಟು ಸಣ್ಣದು, ಒಂದು ಗಿಡಕ್ಕೆ ಹತ್ತಾರು ಸಾವಿರ. ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಉಳಿಯುತ್ತದೆ. ಬೇರಿನಿಂದ ಒಸರುವ ಒಂದು ರಾಸಾಯನಿಕ ತಾಗಿದರೆ ಮಾತ್ರ ಅದು ಮೊಳೆಯುತ್ತದೆ. ಇಲ್ಲೇ ಅದರ ಮರ್ಮ ಇರುವುದು: ಹತ್ತಿ, ಅಲಸಂದೆ, ಸೋಯಾ ಬೇರುಗಳೂ ಅಂಥದೇ ರಾಸಾಯನಿಕ ಒಸರುತ್ತವೆ, ಆದರೆ ಸ್ಟ್ರೈಗಾ ಅವುಗಳ ಮೇಲೆ ಬದುಕಲಾರದು. ಮೊಳೆತು, ಹಿಡಿಯಲು ಬೇರು ಸಿಗದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹಾಗಾಗಿ ಅಂಥ ಹೊಲದಲ್ಲಿ ಎರಡು ಮೂರು ವರ್ಷ ಜೋಳ ಬಿಟ್ಟು ಹತ್ತಿ ಅಥವಾ ಸೋಯಾ ಹಾಕಿ. ಜೋಳದಲ್ಲಿ ಕಂಡದ್ದನ್ನು ಹೂವಿಗೆ ಮುಂಚೆ ಕೀಳಿ. ಮೇಲೆ ಕಾಣುವ ಹೊತ್ತಿಗೆ ಈ ಬೆಳೆಗೆ ಪೆಟ್ಟು ಬಿದ್ದಿರುತ್ತದೆ, ಕೀಳುವುದು ಮುಂದಿನ ಬೆಳೆಗಾಗಿ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಪ್ಲಾಸ್ಟಿಕ್ ಹಾಸಿ ಬಿಸಿಲಿನಿಂದಲೇ ಬೀಜ ಸುಡಬಹುದಂತೆ?

ಸಸಿ ಮಡಿಗೆ ಮಾಡಿ, ಇಡೀ ಹೊಲಕ್ಕೆ ಬೇಡ. ಏಪ್ರಿಲ್–ಮೇ ನಮ್ಮ ಭಾಗದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ಮಡಿ ಸಮ ಮಾಡಿ, ನೀರುಣಿಸಿ, ಮರುದಿನ 25 ಮೈಕ್ರಾನ್ ಪಾರದರ್ಶಕ ಹಾಳೆ ಮಣ್ಣಿಗೆ ಅಂಟುವಂತೆ ಹಾಸಿ, ಅಂಚನ್ನು ಸುತ್ತಲೂ ಮಣ್ಣಿನಲ್ಲಿ ಹೂಳಿ, ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಇಷ್ಟು ಬಿಸಿ ಕೊಡದು. ಒಣ ಮಣ್ಣಿಗೆ ಹಾಸಿದರೂ ಫಲವಿಲ್ಲ, ನೆನೆದ ಬೀಜಕ್ಕೇ ಶಾಖ ತಾಗುವುದು. ಒಂದು ಗುಂಟೆಗೆ ಅಂಚು ಸೇರಿ ಎರಡೂವರೆ ಕೆ.ಜಿ. ಹಾಳೆ ಬೇಕು, ಎಕರೆಗೆ 90 ಕೆ.ಜಿ. ದಾಟುತ್ತದೆ, ಹೊಲಕ್ಕೆ ಬೇಡ ಅಂದದ್ದು ಅದಕ್ಕೇ. ತೆಗೆದ ಮೇಲೆ ಮಣ್ಣು ಅಗೆಯಬೇಡಿ, ಸುಟ್ಟಿರುವುದು ಮೇಲಿನ ಕೆಲವು ಸೆಂ.ಮೀ. ಮಾತ್ರ. ಗಟ್ಟಿ ಸಿಪ್ಪೆಯ ಬೀಜ, ಜೇಕಿನ ಗಡ್ಡೆ ಇದಕ್ಕೆ ಬಗ್ಗುವುದಿಲ್ಲ.

ನಮ್ಮ ಹೊಲದಲ್ಲಿ ಎಷ್ಟು ಬೀಜ ಇದೆ ಎಂದು ಮನೆಯಲ್ಲೇ ಅಳೆಯಬಹುದೆ?

ಅಂದಾಜು ಮಾಡಬಹುದು. ಒಳವ್ಯಾಸ 5 ಸೆಂ.ಮೀ. ಇರುವ ಪೈಪಿನ ತುಂಡು ತೆಗೆದುಕೊಂಡು, ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ 25 ಕಡೆ, 10 ಸೆಂ.ಮೀ. ಆಳಕ್ಕೆ ಮಣ್ಣು ತೆಗೆಯಿರಿ. ಮೇ ತಿಂಗಳು ಒಳ್ಳೆಯದು. ಎಲ್ಲ ಬೆರೆಸಿ, ಹೆಂಟೆ ಪುಡಿಮಾಡಿ, ತಳಕ್ಕೆ ತೂತಿರುವ ಟ್ರೇಗಳಲ್ಲಿ 3 ಸೆಂ.ಮೀ. ದಪ್ಪಕ್ಕೆ ಹರಡಿ ನೀರು ಚಿಮುಕಿಸುತ್ತಿರಿ. ಹುಟ್ಟಿದ್ದನ್ನು ಎಣಿಸಿ ಕೀಳಿ. ಮೂರು ವಾರದ ನಂತರ ಒಣಗಿಸಿ, ಕಲಸಿ, ಮತ್ತೆ ನೀರು ಹಾಕಿ. ಹೀಗೆ ಮೂರು ಸುತ್ತು. 25 ತೂತುಗಳ ಒಟ್ಟು ವಿಸ್ತೀರ್ಣ ಚದರ ಮೀಟರಿನ ಇಪ್ಪತ್ತನೆಯ ಒಂದು ಭಾಗ. ಆದ್ದರಿಂದ ಎಣಿಕೆಯನ್ನು 20ರಿಂದ ಗುಣಿಸಿ. ಬರೀ ಹತ್ತು ಸಸಿ ಎದ್ದರೂ ಚದರ ಮೀಟರಿಗೆ 200, ಎಕರೆಗೆ 8 ಲಕ್ಷ. ಹುಟ್ಟದೆ ಮಲಗಿದ್ದು ಇದರಲ್ಲಿ ಸೇರದು, ನಿಜವಾದ ಸಂಖ್ಯೆ ಇನ್ನೂ ಹೆಚ್ಚು. ಒಂದೇ ಸಲದ ಎಣಿಕೆಗಿಂತ ವರ್ಷದಿಂದ ವರ್ಷಕ್ಕೆ ಹೋಲಿಸುವುದು ಉಪಯುಕ್ತ. ಗುರುತು ಸಿಗದ ಗಿಡ ಬಂದರೆ ಕುಂಡಕ್ಕೆ ಹಾಕಿ ಹೂ ಬಿಡಿಸಿ, ಕಲಬುರಗಿ, ಬೀದರ್ ಅಥವಾ ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಶಿಸ್ತಾಗಿ ಮಾಡಿದ್ರ ಎಷ್ಟ್ ವರ್ಷಕ್ಕ ಹೊಲ ಹಗುರಾಗ್ತದ?

ಲೆಕ್ಕಕ್ಕಾಗಿ ಒಂದು ಉದಾಹರಣೆ. ಚದರ ಮೀಟರಿಗೆ 4,000 ಬೀಜ ಇದ್ದು, ವರ್ಷಕ್ಕೆ ಅರ್ಧ ಕರಗುತ್ತದೆ, ಹೊಸದು ಬೀಳುವುದೇ ಇಲ್ಲ ಎಂದಿಟ್ಟುಕೊಳ್ಳಿ. ಮೊದಲ ವರ್ಷಕ್ಕೆ 2,000, ಮೂರನೆಯದಕ್ಕೆ 500, ಐದನೆಯದಕ್ಕೆ 125. ಕೂಲಿ ಖರ್ಚಿನ ವ್ಯತ್ಯಾಸ ಮೂರನೆಯ ವರ್ಷದಿಂದ ಕಣ್ಣಿಗೆ ಕಾಣತೊಡಗುತ್ತದೆ. ಈಗ ಐದನೆಯ ವರ್ಷ ಒಂದು ಗುಂಟೆಯಲ್ಲಿ ಒಂದೇ ಒಂದು ಕಾಂಗ್ರೆಸ್ ಗಿಡ 10,000 ಬೀಜ ಉದುರಿಸಿತು ಅನ್ನಿ: ಗುಂಟೆಗೆ ಸುಮಾರು 100 ಚದರ ಮೀಟರು, ಅಂದರೆ ಚದರ ಮೀಟರಿಗೆ ಮತ್ತೆ 100. ಒಂದು ವರ್ಷದಲ್ಲಿ ಕರಗಿಸಿದ್ದರ ಬಹುಪಾಲು ಒಂದು ಗಿಡದಿಂದ ವಾಪಸು.

ಆದ್ದರಿಂದ ಎಲ್ಲ ಹೊಲಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಕೊನೆಯ ಸುತ್ತಿಗೆ ಮನೆಯ ಆಳು ಸಾಲುವಷ್ಟು, ಎರಡು ಎಕರೆಯೋ ಮೂರೋ, ಆರಿಸಿಕೊಳ್ಳಿ. ಕಸ ಅತಿ ಹೆಚ್ಚಿರುವ ಹೊಲದಿಂದಲ್ಲ, ಅತಿ ಕಡಿಮೆ ಇರುವ ಹೊಲದಿಂದ ಶುರು ಮಾಡಿ. ಅಲ್ಲಿ ಬೇಗ ಮುಗಿಯುತ್ತದೆ, ಉಳಿದ ಕೂಲಿ ಮುಂದಿನ ಹೊಲಕ್ಕೆ ಒದಗುತ್ತದೆ. ಕುಂಟೆ, ಕೂರಿಗೆ, ಟ್ರ್ಯಾಕ್ಟರ್ ಕೂಡ ಅದೇ ಕ್ರಮದಲ್ಲಿ ಹೋಗಲಿ: ಶುಭ್ರ ಹೊಲ ಮೊದಲು, ಕಸದ ಹೊಲ ಕೊನೆಗೆ.